ಮೊದಲ ಈಸ್ಟರ್‌ಗೆ ಮುಂಚೆ ಕಲಿತಿಡಬೇಕಾದ ಹಾಡುಗಳು

ಹೊರದೇಶಕ್ಕೆ ಹೊಸದಾಗಿ ಬಂದ ಕನ್ನಡದ ಕ್ರೈಸ್ತ ಕುಟುಂಬದವರು ಮನೆ, ಕೆಲಸ, ಮಕ್ಕಳ ಶಾಲೆ ಎಲ್ಲವನ್ನೂ ವಿಚಾರಿಸಿ ಮುಗಿಸಿದ ಮೇಲೆ ಚರ್ಚಿನ ಮಾತಿಗೆ ಬರುತ್ತಾರೆ. ಆಗ ನಾನು ಹೇಳುವುದು ಇಷ್ಟೇ: ಈಸ್ಟರ್ ಬರುವುದರೊಳಗೆ ಏಳೆಂಟು ಇಂಗ್ಲಿಷ್ ಹಾಡು ಕಲಿತಿಟ್ಟುಕೊಳ್ಳಿ. ವರ್ಷದ ಬೇರೆ ಭಾನುವಾರಗಳಲ್ಲಿ ಪುಸ್ತಕ ನೋಡಿಕೊಂಡು ಮೆಲ್ಲಗೆ ಗುನುಗಿದರೂ ಆದೀತು. ಈಸ್ಟರ್ ದಿನ ಸುತ್ತ ನಿಂತವರಲ್ಲಿ ಎಷ್ಟೋ ಜನ ಪುಸ್ತಕ ತೆರೆಯುವುದೇ ಇಲ್ಲ. ಅಜ್ಜ ಅಜ್ಜಿಯ ಪಕ್ಕ ನಿಂತು ಕಲಿತ ಹಾಡು, ಬಾಯಿಪಾಠ. ಊರಲ್ಲಿ ನಾವೂ ಹಾಗೇ ಹಾಡಿದವರು. ಅಂಥವರು ಹಬ್ಬದ ದಿನವೇ ಬಾಯಿ ಕಟ್ಟಿ ನಿಲ್ಲಬೇಕಾದಾಗ ಆಗುವ ಸಂಕಟ ಸಣ್ಣದಲ್ಲ. ವೀಸಾ ಕಚೇರಿಯ ಸಾಲಿನಲ್ಲಿ ನಿಂತಾಗಲೂ ನನಗೆ ಅಷ್ಟು ಪರದೇಶಿ ಅನಿಸಿರಲಿಲ್ಲ.

ಹಾಡುಗಳಿಗೆ ದಿನ ಇದೆ ಎಂಬುದು ಮೊದಲು ತಿಳಿದಿರಲಿ. ಕ್ಯಾಥೊಲಿಕ್ ಚರ್ಚಿನಲ್ಲಿ ತಪಸ್ಸು ಕಾಲ, ಎಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳು, ಪೂರ್ತಿ ‘ಅಲ್ಲೆಲೂಯ’ (ದೇವರಿಗೆ ಸ್ತೋತ್ರ) ಹಾಡುವುದಿಲ್ಲ. ಆಂಗ್ಲಿಕನ್, ಲೂಥರನ್ ಸಭೆಗಳಲ್ಲೂ ಬಹುಪಾಲು ಹೀಗೇ. ಆ ದಿನಗಳಲ್ಲಿ ನೀವು ಉತ್ಸಾಹದಿಂದ ಪುನರುತ್ಥಾನದ ಹಾಡು ಎತ್ತಿದರೆ ಪಕ್ಕದವರು ಸುಮ್ಮನಾಗುತ್ತಾರೆ. ಬೇಸರದಿಂದ ಅಲ್ಲ. ಅವರು ಆ ಪದವನ್ನು ವಾರಗಟ್ಟಲೆ ತಡೆದಿಟ್ಟುಕೊಂಡಿರುತ್ತಾರೆ, ಶನಿವಾರ ರಾತ್ರಿಯ ಜಾಗರಣೆಯಲ್ಲಿ ಅದು ಮರಳಿ ಬರುವಾಗ ಕೇಳಬೇಕು. ಕತ್ತಲಲ್ಲಿ ಪಾಸ್ಖದ, ಎಂದರೆ ಈಸ್ಟರ್ ಹಬ್ಬದ, ದೊಡ್ಡ ಮೇಣದ ಬತ್ತಿಯೊಂದೇ ಬೆಳಗುತ್ತಾ ಒಳಗೆ ಬರುತ್ತದೆ. ‘ಎಕ್ಸುಲ್ತೆತ್’ ಎಂಬ ದೀರ್ಘ ಸ್ತುತಿಯನ್ನು ಒಬ್ಬರೇ ಹಾಡುತ್ತಾರೆ. ಆಮೇಲೆ ‘ಗ್ಲೋರಿಯಾ’ ಎಂಬ ಸ್ತುತಿಗೀತೆಗೆ ಗಂಟೆಗಳು ಬಾರಿಸುತ್ತವೆ. ಭಾನುವಾರ ಬೆಳಿಗ್ಗೆಯ ಪೂಜೆಗೆ ಮಾತ್ರ ಹೋಗಿ ಬರುವ ಕುಟುಂಬಗಳು ಎಷ್ಟು ಕಳೆದುಕೊಳ್ಳುತ್ತವೆ ಎಂದು ನನಗೆ ಪ್ರತಿ ವರ್ಷ ಅನಿಸುತ್ತದೆ. ಮಕ್ಕಳಿಗೆ ನಿದ್ದೆ ಕೆಟ್ಟರೂ ಕರೆದುಕೊಂಡು ಹೋಗಿ.

ಶುಭ ಶುಕ್ರವಾರಕ್ಕೆ ಮೂರು ಹಾಡು ಸಾಕು. ಐಸಾಕ್ ವಾಟ್ಸ್ 1707ರಲ್ಲಿ ಪ್ರಕಟಿಸಿದ ‘ವೆನ್ ಐ ಸರ್ವೇ ದಿ ವಂಡ್ರಸ್ ಕ್ರಾಸ್’ ಮೊದಲನೆಯದು. ಇದರ ಸಾಹಿತ್ಯ ಎಲ್ಲ ಕಡೆ ಒಂದೇ, ಆದರೆ ಬ್ರಿಟನ್ನಿನಲ್ಲಿ ‘ರಾಕಿಂಗ್‌ಹ್ಯಾಮ್’ ಎಂಬ ಧಾಟಿಯಲ್ಲಿ ಹಾಡಿದರೆ ಅಮೆರಿಕದಲ್ಲಿ ‘ಹ್ಯಾಂಬರ್ಗ್’ ಎಂಬ ಧಾಟಿಯಲ್ಲಿ ಹೆಚ್ಚು ಹಾಡುತ್ತಾರೆ. ಒಂದು ದೇಶದಿಂದ ಇನ್ನೊಂದಕ್ಕೆ ಹೋದವರು ಗಲಿಬಿಲಿಗೊಳ್ಳುವುದು ಇಲ್ಲೇ. ಎರಡನೆಯದು ‘ಓ ಸೇಕ್ರೆಡ್ ಹೆಡ್’. ಇದರ ಧಾಟಿಯನ್ನು ಜರ್ಮನ್ ಸಂಗೀತಗಾರ ಹಾಸ್ಲರ್ 1601ರಲ್ಲಿ ಒಂದು ಪ್ರೇಮಗೀತೆಗೆ ಮಾಡಿದ್ದ. ಪೌಲ್ ಗೆರ್ಹಾರ್ಟ್ 1656ರಲ್ಲಿ ಅದಕ್ಕೆ ಹೊಂದುವಂತೆ ಜರ್ಮನ್ ಸಾಹಿತ್ಯ ಬರೆದ. ಬಾಖ್ ಅದನ್ನು ಯೇಸುವಿನ ಯಾತನೆಯ ಕಥೆ ಹೇಳುವ ತನ್ನ ಸಂಗೀತ ಕೃತಿ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ನಲ್ಲಿ ಮತ್ತೆ ಮತ್ತೆ ತಂದ. ಮೂರನೆಯದು ಅಮೆರಿಕದ ಕಪ್ಪು ಗುಲಾಮರ ನಡುವೆ ಹುಟ್ಟಿದ ‘ವರ್ ಯೂ ದೇರ್’. ಅಚ್ಚಾದದ್ದು 1899ರಲ್ಲಿ, ಹಾಡಿದ್ದು ಅದಕ್ಕಿಂತ ಎಷ್ಟೋ ಮೊದಲಿನಿಂದ. ಇದನ್ನು ವಾದ್ಯವಿಲ್ಲದೆ ನಿಧಾನವಾಗಿ ಹಾಡುವುದೇ ಚೆಂದ. ಪ್ರಶ್ನೆಗಳಿಂದ ಕಟ್ಟಿದ ಹಾಡು ಅದು, ಯೇಸುವನ್ನು ಶಿಲುಬೆಗೇರಿಸುವಾಗ ನೀನು ಅಲ್ಲಿದ್ದೆಯಾ ಎಂದು ಕೇಳುತ್ತದೆ. ಚಾವಟಿಯ ಏಟು ತಿಂದವರೇ ಕಟ್ಟಿ ಹಾಡಿದ್ದರಿಂದ ಅದರ ನೋವಿನಲ್ಲಿ ನಟನೆ ಇಲ್ಲ.

ಇನ್ನು ಭಾನುವಾರ. ಆವತ್ತು ತಪ್ಪದೆ ಎದುರಾಗುವ ಹಾಡು ‘ಜೀಸಸ್ ಕ್ರೈಸ್ಟ್ ಇಸ್ ರಿಸನ್ ಟುಡೇ’. ಹದಿನಾಲ್ಕನೇ ಶತಮಾನದ ಲ್ಯಾಟಿನ್ ಹಾಡೊಂದು ಇದರ ಮೂಲ. 1708ರಲ್ಲಿ ಲಂಡನ್ನಿನಲ್ಲಿ ‘ಲೈರಾ ಡೇವಿಡಿಕಾ’ ಎಂಬ ಸಂಗ್ರಹದಲ್ಲಿ ಇಂಗ್ಲಿಷಿಗೆ ಬಂತು. ಚಾರ್ಲ್ಸ್ ವೆಸ್ಲಿ 1739ರಲ್ಲಿ ಪ್ರಕಟಿಸಿದ ‘ಕ್ರೈಸ್ಟ್ ದಿ ಲಾರ್ಡ್ ಇಸ್ ರಿಸನ್ ಟುಡೇ’ ಬೇರೆಯೇ ಹಾಡು, ಆದರೆ ಅದನ್ನೂ ಬಹಳ ಕಡೆ ಇದೇ ಧಾಟಿಯಲ್ಲಿ ಹಾಡುತ್ತಾರೆ. ಮೊದಲ ಸಾಲು ಕೇಳಿ ಒಂದನ್ನು ಇನ್ನೊಂದೆಂದು ತಿಳಿದು ಎರಡನೇ ಸಾಲಿನಲ್ಲಿ ತಡವರಿಸುವವರು ಬಹಳ. ಎರಡರಲ್ಲೂ ಪ್ರತಿ ಸಾಲಿನ ಕೊನೆಗೆ ಅಲ್ಲೆಲೂಯ ಬರುತ್ತದೆ. ಸಾಹಿತ್ಯ ಬಾರದಿದ್ದರೂ ಅದೊಂದನ್ನು ಎದೆ ತುಂಬಿ ಹಾಡಿ. ಅಲ್ಲೆಲೂಯದ ಒಂದೊಂದು ಅಕ್ಷರಕ್ಕೂ ಹಲವು ಸ್ವರ ಇರುವುದರಿಂದ ನಮ್ಮ ಗಂಟಲು ತಾನಾಗಿ ಗಮಕಕ್ಕೆ ಇಳಿಯುತ್ತದೆ. ಅದನ್ನು ಮಾತ್ರ ಹಿಡಿದುಕೊಳ್ಳಬೇಕು. ಆರ್ಗನ್ನಿನ ಸ್ವರ ಜಾರುವುದಿಲ್ಲ, ನೂರು ಜನ ಒಟ್ಟಿಗೆ ಹಾಡುವಾಗ ಸ್ವರ ನೇರವಾಗಿ ನಿಂತರೇನೇ ಗಟ್ಟಿ.

ಪಕ್ಕದಲ್ಲಿ ನಿಂತವರು ಬೇರೆ ಸ್ವರದಲ್ಲಿ ಹಾಡಿದರೆ ಅವರು ಅಪಸ್ವರ ಹಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ದನಿ ಹಂಚಿಕೊಂಡು ಹಾಡುವ ರೂಢಿ ಇಲ್ಲಿ ಎಷ್ಟೋ ಸಭೆಗಳಲ್ಲಿ ಇನ್ನೂ ಇದೆ. ನೀವು ಮೇಲಿನ ದನಿ, ಎಂದರೆ ಮೂಲ ಧಾಟಿಯನ್ನೇ ಹಿಡಿಯಿರಿ. ಗಂಡಸರು ಅದನ್ನೇ ಒಂದು ಸ್ಥಾಯಿ ಕೆಳಗೆ ಹಾಡಬಹುದು.

ಹಾಡಿನ ಪುಸ್ತಕದಲ್ಲಿ ಪುಟದ ಅಂಚಿಗೆ 86.86, 77.77, 76.76 ಹೀಗೆ ಅಂಕಿಗಳಿರುತ್ತವೆ. ಇವು ಸಾಲಿಗೆ ಎಷ್ಟು ಅಕ್ಷರ ಎಂಬ ಲೆಕ್ಕ. ಜೊತೆಗಿರುವ ಹೆಸರು ಧಾಟಿಯದು. ಅಂಕಿ ಒಂದೇ ಇರುವ ಯಾವ ಹಾಡನ್ನೂ ಇನ್ನೊಂದರ ಧಾಟಿಯಲ್ಲಿ ಹಾಡಲು ಸಾಮಾನ್ಯವಾಗಿ ಬರುತ್ತದೆ. ಭಾಮಿನಿ ಷಟ್ಪದಿಯ ಒಂದು ಪದ್ಯದ ಧಾಟಿ ಗೊತ್ತಿದ್ದರೆ ಉಳಿದದ್ದನ್ನೂ ಹಾಡಿಕೊಂಡು ಹೋಗುವ ನಮ್ಮವರಿಗೆ ಇದು ಬೇಗ ತಲೆಗೆ ಹತ್ತುತ್ತದೆ. ನಾಲ್ಕೈದು ಧಾಟಿ ಬಂದರೆ ಪುಸ್ತಕದ ಎಷ್ಟೋ ಹಾಡು ಕೈಗೆ ಬಂದ ಹಾಗೆ.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ‘ದೈನ್ ಬಿ ದಿ ಗ್ಲೋರಿ’. ಸಂಗೀತಗಾರ ಹಾಂಡೆಲ್ ತನ್ನ ಕಥನ ಸಂಗೀತವೊಂದರಲ್ಲಿ ಯುದ್ಧವೀರನ ಸ್ವಾಗತಕ್ಕೆಂದು ಮಾಡಿದ ಧಾಟಿಗೆ ಸ್ವಿಟ್ಜರ್‌ಲೆಂಡಿನ ಪಾದ್ರಿ ಎಡ್ಮಂಡ್ ಬುದ್ರಿ 1884ರಲ್ಲಿ ಫ್ರೆಂಚ್ ಸಾಹಿತ್ಯ ಬರೆದರು, ರಿಚರ್ಡ್ ಹಾಯ್ಲ್ 1923ರಲ್ಲಿ ಇಂಗ್ಲಿಷಿಗೆ ತಂದರು. ಸೇನೆ ಊರೊಳಗೆ ಬರುವ ನಡಿಗೆ ಆ ಧಾಟಿಯಲ್ಲಿದೆ, ಆದರೆ ಇಲ್ಲಿ ಗೆದ್ದು ಬರುವವನು ಸಮಾಧಿಯಿಂದ ಬರುತ್ತಾನೆ. ಇದನ್ನು ಸಾವಿನ ಆರಾಧನೆಯಲ್ಲೂ ಹಾಡುತ್ತಾರೆ. ದೂರದಲ್ಲಿ ಬದುಕುವ ನಮಗೆ ಇದು ಬಹಳ ಬೇಗ ಅರ್ಥವಾಗುತ್ತದೆ. ಅಪ್ಪನನ್ನೋ ಅಮ್ಮನನ್ನೋ ಮಣ್ಣು ಮಾಡುವುದನ್ನು ಫೋನಿನ ಪರದೆಯಲ್ಲಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ! ಅಂಥ ವರ್ಷದ ಈಸ್ಟರ್‌ನಲ್ಲಿ ಈ ಹಾಡಿನ ಪಲ್ಲವಿ ಬಂದಾಗ ಅಳು ಬಂದರೆ ತಡೆಯಬೇಡಿ, ಹಾಡನ್ನೂ ನಿಲ್ಲಿಸಬೇಡಿ. ಈ ಹಬ್ಬ ಇರುವುದು ಆ ದುಃಖಕ್ಕೆ ಉತ್ತರ ಕೊಡುವುದಕ್ಕೇ.

ಮಕ್ಕಳಿಗೆ ಕಲಿಸಲು ರಾಬರ್ಟ್ ಲೌರಿಯ ‘ಲೋ ಇನ್ ದಿ ಗ್ರೇವ್ ಹಿ ಲೇ’ ಒಳ್ಳೆಯದು. 1874ರ ಹಾಡು. ಚರಣ ಕೆಳಗಿನ ಸ್ವರಗಳಲ್ಲಿ ಭಾರವಾಗಿ ನಡೆಯುತ್ತದೆ, ಪಲ್ಲವಿ ಬಂದೊಡನೆ ಸ್ವರ ಒಮ್ಮೆಲೇ ಏರಿ ವೇಗ ಹೆಚ್ಚುತ್ತದೆ. ಪುಟ್ಟವರು ಚರಣದಲ್ಲಿ ಕುಕ್ಕರಗಾಲಲ್ಲಿ ಕೂತು ಪಲ್ಲವಿಗೆ ಎದ್ದು ಜಿಗಿಯಲಿ, ಪುನರುತ್ಥಾನ ಎಂದರೇನು ಎಂದು ಬೇರೆ ಪಾಠ ಬೇಕಿಲ್ಲ. ಚಿಕ್ಕ ಮಗು ಇರುವ ದಂಪತಿಗೆ ನಾನು ಹೇಳುವ ಇನ್ನೊಂದು ಹಾಡು ಗೇದರ್ ದಂಪತಿಯ ‘ಬಿಕಾಸ್ ಹಿ ಲಿವ್ಸ್’, 1971ರದು. ಮನೆಗೆ ಇನ್ನೊಂದು ಮಗು ಬರುವ ಹೊತ್ತಿನಲ್ಲಿ, ಸುತ್ತಲಿನ ಜಗತ್ತಿನ ಭಯದ ನಡುವೆ ಬರೆದ ಹಾಡು. ಅಜ್ಜಿ, ಚಿಕ್ಕಮ್ಮ, ಅತ್ತೆ ಯಾರೂ ಹತ್ತಿರವಿಲ್ಲದೆ ಬಾಣಂತನ ಕಳೆದವರಿಗೆ ಅದರ ಎರಡನೇ ಚರಣ ತಮ್ಮದೇ ಪ್ರಾರ್ಥನೆ ಅನಿಸುತ್ತದೆ.

ಗಿಟಾರು, ಡ್ರಮ್ಮು ಇಟ್ಟುಕೊಂಡು ಹಾಡುವ ಸಭೆಗೆ ಸೇರಿದ್ದರೆ ಕೀತ್ ಗೆಟ್ಟಿ ಮತ್ತು ಸ್ಟೂವರ್ಟ್ ಟೌನೆಂಡ್ ಅವರ ‘ಇನ್ ಕ್ರೈಸ್ಟ್ ಅಲೋನ್’ ಕಲಿಯಿರಿ, 2001ರದು. ಯೇಸುವಿನ ಹುಟ್ಟು, ಶಿಲುಬೆ, ಸಮಾಧಿ, ಎದ್ದು ಬಂದದ್ದು ಎಲ್ಲವನ್ನೂ ನಾಲ್ಕು ಚರಣಗಳಲ್ಲಿ ಹೇಳುತ್ತದೆ. ಅದರಲ್ಲಿ ದೇವರ ಕೋಪದ ಬಗೆಗಿನ ಸಾಲೊಂದನ್ನು ಬದಲಿಸಲು ಬರೆದವರು ಒಪ್ಪದ ಕಾರಣ ಅಮೆರಿಕದ ಪ್ರೆಸ್ಬಿಟೇರಿಯನ್ ಚರ್ಚು 2013ರ ತನ್ನ ಹಾಡಿನ ಪುಸ್ತಕದಿಂದ ಅದನ್ನು ಕೈಬಿಟ್ಟಿತು. ನಿಮ್ಮ ಸಭೆ ಇದನ್ನು ಹಾಡದಿದ್ದರೆ ಅಂಥ ಕಾರಣವೂ ಇರಬಹುದು. ಹಿಲ್‌ಸಾಂಗ್‌ನ ‘ಓ ಪ್ರೇಸ್ ದಿ ನೇಮ್’ 2015ರದು, ಸುಲಭ. ಹೊಸ ಹಾಡುಗಳಲ್ಲಿ ನನಗೆ ಇಷ್ಟವಾಗುವುದು ಹೀಗೆ ಕಥೆ ಹೇಳುವವು. ನನ್ನ ಮನಸ್ಸಿಗೆ ಹೇಗಿದೆ ಎಂಬುದನ್ನೇ ಮತ್ತೆ ಮತ್ತೆ ಹೇಳುವ ಹಾಡುಗಳು ಈಸ್ಟರ್ ದಿನಕ್ಕೆ ಸಾಲವು. ಆ ದಿನದ ಮಾತು ಕಲ್ಲು ಉರುಳಿದ್ದು, ಮಗ್ದಲದ ಮರಿಯಳು ತೋಟದಲ್ಲಿ ಅಳುತ್ತಾ ನಿಂತದ್ದು, ಅವಳ ಹೆಸರು ಹಿಡಿದು ಯೇಸು ಕರೆದದ್ದು.

ಯೇಸುವಿನ ಕುರಿತ ಹಾಂಡೆಲ್‌ನ ದೊಡ್ಡ ಸಂಗೀತ ಕೃತಿ ‘ಮೆಸ್ಸಾಯ’ವನ್ನು ಜನ ಕ್ರಿಸ್ಮಸ್‌ಗೆ ಕೇಳುತ್ತಾರೆ. ಅದು ಮೊದಲು ನಡೆದದ್ದು 1742ರ ಏಪ್ರಿಲ್ 13ರಂದು, ಡಬ್ಲಿನ್ನಿನಲ್ಲಿ. ಅದರ ಎರಡನೇ ಭಾಗದ ಕೊನೆಗೆ ‘ಹಲ್ಲೆಲೂಯ’ ಕೋರಸ್ ಬರುತ್ತದೆ, ಎಲ್ಲರೂ ಎದ್ದು ನಿಂತರೆ ನೀವೂ ನಿಲ್ಲಿ. ನನ್ನ ವಿಮೋಚಕನು ಜೀವಿಸುತ್ತಾನೆ ಎಂಬ ಬೈಬಲ್ಲಿನ ಯೋಬನ ಮಾತಿನಿಂದ ಮೂರನೇ ಭಾಗ ತೊಡಗುತ್ತದೆ. ಈಸ್ಟರ್ ಮಧ್ಯಾಹ್ನ ಮನೆಯಲ್ಲಿ ಕೂತು ಕೇಳಲು ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಕಾಗದ ಪತ್ರದ ಮಾತು ಬೇಗ ಮುಗಿಸುತ್ತೇನೆ. ಕನ್ನಡ ಆರಾಧನೆಗೆಂದು ಚರ್ಚಿನ ಸಭಾಂಗಣ ಪಡೆದಿದ್ದರೆ, ಹೊಸ ಹಾಡಿನ ಸಾಹಿತ್ಯವನ್ನು ಪರದೆಯ ಮೇಲೆ ತೋರಿಸಲು ಹಾಡಿನ ಹಕ್ಕುದಾರರ ಪರವಾಗಿ ಸಿಸಿಎಲ್‌ಐ ಎಂಬ ಸಂಸ್ಥೆ ಕೊಡುವ ಪರವಾನಗಿ ಬೇಕು, ನೇರ ಪ್ರಸಾರಕ್ಕೆ ಬೇರೆ. ಆ ಚರ್ಚಿನ ಕಚೇರಿಯಲ್ಲೇ ಕೇಳಿ. ವಾಟ್ಸ್, ವೆಸ್ಲಿ ಕಾಲದ ಸಾಹಿತ್ಯಕ್ಕೆ ಇದು ಬೇಡ. ಹಬ್ಬದ ದಿನ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಂದಾದರೂ ಬರುತ್ತದೆ, ಆರ್ಥೊಡಾಕ್ಸ್ ನೆರೆಯವರದು ಬೇರೆ ದಿನ ಇರಬಹುದು. 2025ರಲ್ಲಿ ಇಬ್ಬರಿಗೂ ಏಪ್ರಿಲ್ 20, 2026ರಲ್ಲಿ ನಮಗೆ ಏಪ್ರಿಲ್ 5, ಅವರಿಗೆ 12.

ಸೂರ್ಯೋದಯದ ಆರಾಧನೆ ಇದ್ದರೆ ತಪ್ಪಿಸಬೇಡಿ. ಮೊರೇವಿಯನ್ ಸಭೆಯವರು 1732ರಲ್ಲಿ ಜರ್ಮನಿಯ ಹೆರ್ನ್‌ಹೂಟ್‌ನಲ್ಲಿ ಮುಂಜಾವದಲ್ಲಿ ಸ್ಮಶಾನಕ್ಕೆ ಹೋಗಿ ಹಾಡಿದ್ದು ಇದರ ಮೊದಲು. ಬೆಳಕಿಲ್ಲದ ಹೊತ್ತು, ಪುಸ್ತಕ ಕಾಣದು. ಅದಕ್ಕೇ ಮೊದಲ ಚರಣಗಳಾದರೂ ಬಾಯಿಗೆ ಬರಬೇಕು ಎಂದು ನಾನು ಹಟ ಹಿಡಿಯುವುದು.

ಇಷ್ಟೆಲ್ಲ ಇಂಗ್ಲಿಷ್ ಹಾಡು ಹೇಳಿದ ಮೇಲೆ ಕನ್ನಡದ ಮಾತನ್ನು ಆಡದಿದ್ದರೆ ನನಗೆ ಸಮಾಧಾನವಿಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ಹಾಡುಗಳು ಕನ್ನಡಕ್ಕೆ ಬಂದವು. ನಿಘಂಟಿನ ಕಿಟ್ಟೆಲ್ ಅವರೇ ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಹಾಗಾಗಿ ಇಲ್ಲಿನ ಆರ್ಗನ್ನಿನಲ್ಲಿ ಒಂದು ಧಾಟಿ ಏಳುವಾಗ ಇದು ನಮ್ಮದಲ್ಲವೇ ಎಂದು ಕಿವಿ ನಿಮಿರುವುದುಂಟು. ಆಗ ಸಂಕೋಚ ಬೇಡ, ಕನ್ನಡ ಸಾಲನ್ನೇ ಹಾಡಿ. ಅಷ್ಟು ದನಿಗಳ ನಡುವೆ ಯಾರಿಗೂ ತೊಂದರೆಯಿಲ್ಲ, ಪಕ್ಕದಲ್ಲಿರುವ ನಿಮ್ಮ ಮಗುವಿಗೆ ಮಾತ್ರ ಕೇಳುತ್ತದೆ.

ಆ ಮಗುವಿಗೆ ಕೇಳಬೇಕು. ಕನ್ನಡದವರು ಹತ್ತು ಮನೆ ಸೇರಿದ ಮೇಲೆ ಕಲಿಸೋಣ, ಅಕ್ಷರ ಕಲಿತ ಮೇಲೆ ಹಾಡು ಕಲಿಸೋಣ ಎಂದು ಇಲ್ಲಿಗೆ ಮೊದಲು ಬಂದ ನಮ್ಮ ತಲೆಮಾರು ಮುಂದೂಡಿತು. ಆ ಮಕ್ಕಳು ಈಗ ವೆಸ್ಲಿಯನ್ನು ನಾಲ್ಕು ದನಿಯಲ್ಲಿ ಹಾಡುತ್ತಾರೆ, ಕೇಳಲು ಸಂತೋಷವಾಗುತ್ತದೆ. ಆದರೆ ಊರಿನಿಂದ ಅಜ್ಜಿ ವಿಡಿಯೊ ಕರೆಯಲ್ಲಿ ಹಬ್ಬದ ಹಾಡು ಎತ್ತಿದರೆ ಜೊತೆ ಸೇರಲು ಅವರಿಗೆ ಒಂದು ಸಾಲೂ ಬರುವುದಿಲ್ಲ. ನೀವು ಕಾಯಬೇಡಿ. ಒಂದೇ ಹಾಡು, ಅದರ ಪಲ್ಲವಿ ಮತ್ತು ಒಂದು ಚರಣ ಸಾಕು. ನಿಮ್ಮ ಮಕ್ಕಳಿಗೆ ಓದಲು ಬರುವ ಅಕ್ಷರದಲ್ಲಿ ಬರೆದುಕೊಡಿ, ಪಾಠದಂತೆ ಒಪ್ಪಿಸಿಕೊಳ್ಳಬೇಡಿ. ತಪಸ್ಸು ಕಾಲ ಮುಗಿಯುವವರೆಗೆ ಧಾಟಿಯನ್ನು ಮಾತ್ರ ಗುನುಗಿ, ಈಸ್ಟರ್ ಬೆಳಿಗ್ಗೆ ಅವರನ್ನು ಎಬ್ಬಿಸುವಾಗ ಬಾಯಿಬಿಟ್ಟು ಹಾಡಿ. ಆಮೇಲೆ ಊರಿಗೆ ಫೋನ್ ಮಾಡಿ ಅಜ್ಜಿಯಿಂದ ಎರಡನೇ ಚರಣ ಕೇಳಿ ಕಲಿಯಲಿ.

ಮೊದಲ ವರ್ಷ ಭಾನುವಾರದೊಳಗೆ ಇವೆಲ್ಲ ಬಾರದಿದ್ದರೂ ಚಿಂತೆಯಿಲ್ಲ. ಈಸ್ಟರ್ ಕಾಲ ಪೆಂತೆಕೊಸ್ತು ಹಬ್ಬದವರೆಗೆ ಐವತ್ತು ದಿನ ನಡೆಯುತ್ತದೆ, ಇವೇ ಹಾಡುಗಳು ಮತ್ತೆ ಮತ್ತೆ ಬರುತ್ತವೆ. ಎರಡನೇ ಭಾನುವಾರ, ಯೇಸು ಎದ್ದದ್ದನ್ನು ಮೊದಲು ನಂಬದ ಶಿಷ್ಯ ತೋಮನ ಕಥೆ ಓದುವಾಗ ‘ಓ ಸನ್ಸ್ ಅಂಡ್ ಡಾಟರ್ಸ್’ ಹಾಡುವುದುಂಟು, ಅದನ್ನು ಈಗಲೇ ಗುರುತು ಹಾಕಿಕೊಳ್ಳಿ. ಹಾಡಿನ ಪುಸ್ತಕವನ್ನು ವಾರದ ಮಟ್ಟಿಗೆ ಮನೆಗೆ ಕೊಡುತ್ತೀರಾ ಎಂದು ಆರ್ಗನ್ ನುಡಿಸುವವರನ್ನು ಕೇಳಿ. ಧಾಟಿಯನ್ನು ಒಮ್ಮೆ ನುಡಿಸಿ ತೋರಿಸಿ ಎಂದರೂ ಸಂತೋಷದಿಂದ ಕೂತು ನುಡಿಸುತ್ತಾರೆ.