ಮೇಲೆ ಗೋಲಿ ಆಡುತ್ತಿರುವುದು ಯಾರು?

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಒಂದು ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕೈಯಲ್ಲಿ ಹಿಡಿದೇ ಕೆಳಗಿಳಿದು ಬಂದಳು. ‘ಆಂಟಿ, ರಾತ್ರಿ ಹೊತ್ತು ತಾರಸಿಗೆ ಯಾರಾದರೂ ಹೋಗುತ್ತಾರೆಯೇ?’ ಎಂದು ಕೇಳಿದಳು. ಅವಳ ತಲೆಯ ಮೇಲಿರುವುದು ಬರೀ ತಾರಸಿ. ಅಲ್ಲೊಂದು ನೀರಿನ ಟ್ಯಾಂಕು, ಬಟ್ಟೆ ಒಣಗಿಸುವ ಹಗ್ಗ. ಬಾಗಿಲಿನ ಬೀಗದ ಕೈ ನನ್ನ ಬಳಿಯೇ ಇರುತ್ತದೆ. ಆದರೂ ಅವಳಿಗೆ ನಡುರಾತ್ರಿ ಗೋಲಿ ಬಿದ್ದು ಪುಟಿಯುವ ಸದ್ದು ಕೇಳಿಸುತ್ತಿತ್ತು: ಟಕ್, ಟಕ್ ಟಕ್, ಟಕಟಕ. ಗಂಡನಿಗೆ ರಾತ್ರಿ ಪಾಳಿ, ಮನೆಯಲ್ಲಿ ಅವಳೊಬ್ಬಳೇ.

‘ಏನೂ ಇಲ್ಲಮ್ಮ, ಹಳೆಯ ಮನೆ, ಸದ್ದು ಬಂದೇ ಬರುತ್ತದೆ’ ಎಂದು ಕಳುಹಿಸಿಬಿಟ್ಟೆ. ತಪ್ಪಾಗಿದ್ದು ಅಲ್ಲೇ. ಎರಡು ವಾರ ಕಳೆಯುವಷ್ಟರಲ್ಲಿ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಬಂದಿದ್ದವು; ಅವಳು ಬೇರೆ ಮನೆ ಹುಡುಕುತ್ತಿರುವ ಸುದ್ದಿ ಎದುರು ಮನೆಯವರಿಂದ ನನ್ನ ಕಿವಿಗೂ ಬಿತ್ತು. 1990ರ ದಶಕದಲ್ಲಿ ಬಾಗಿಲ ಮೇಲೆ ಸೀಮೆಸುಣ್ಣದಿಂದ ‘ನಾಳೆ ಬಾ’ ಎಂದು ಬರೆದವರಲ್ಲಿ ನಾನೂ ಒಬ್ಬಳು. ಹೆದರಿದವರನ್ನು ಕಂಡು ನಗುವ ಹಕ್ಕು ನನಗಂತೂ ಇರಲಿಲ್ಲ.

‘ಏನೂ ಇಲ್ಲ’ ಎಂದರೆ ‘ನಿನ್ನ ಕಿವಿ ಸರಿಯಿಲ್ಲ’ ಎಂದ ಹಾಗೆ. ಸದ್ದು ಇದೆ ಎಂದು ಮೊದಲು ಒಪ್ಪಿಕೊಳ್ಳಬೇಕು. ಆಮೇಲೆ ಅದನ್ನು ಹುಡುಕಿ, ಬಾಡಿಗೆದಾರರ ಎದುರಿಗೇ ಇನ್ನೊಮ್ಮೆ ಬರಿಸಿ ತೋರಿಸಬೇಕು. ಅಷ್ಟಾಗದೆ ಅವರಿಗೆ ನಿದ್ದೆ ಬರುವುದಿಲ್ಲ.

ಬೆಳಗಿನವರೆಗೆ ಕಾಯಬಾರದ ಸದ್ದುಗಳು

ಅಡುಗೆಮನೆಯಲ್ಲಿ ಗ್ಯಾಸ್ ವಾಸನೆಯೊಡನೆ ಸುಯ್ ಎನ್ನುವ ಸದ್ದು ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದಿಟ್ಟು ಹೊರಗೆ ಬಂದು 1906ಕ್ಕೆ ಕರೆ ಮಾಡಿ. ಸ್ವಿಚ್ ಬೋರ್ಡಿನೊಳಗೆ ಚರಚರ ಸದ್ದು, ಸುಟ್ಟ ವಾಸನೆ ಇದ್ದರೆ ಮೇನ್ ಸ್ವಿಚ್ ಆರಿಸಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಹಾಕಬೇಡಿ. ಚಿಲಕ ಅಲುಗಿದರೆ, ಬೀಗ ಮೀಟಿದ ಸದ್ದಾದರೆ ನೋಡಲು ಬಾಗಿಲು ತೆರೆಯದೆ 112ಕ್ಕೆ ತಿಳಿಸಬೇಕು. ಈ ಎರಡು ಸಂಖ್ಯೆಗಳನ್ನು ಬಾಡಿಗೆದಾರರ ಫ್ರಿಜ್ ಮೇಲೆ ಅಂಟಿಸಿ ಕೊಡಿ.

ಒಂದು ವಾರದ ಲೆಕ್ಕ

ಒಂದು ಹಳೆಯ ನೋಟ್‌ಬುಕ್ ಕೊಟ್ಟು, ಸದ್ದು ಬಂದಾಗಲೆಲ್ಲ ಗಂಟೆ, ಕೋಣೆ, ಸದ್ದು ಎಂಥದು ಎಂದು ಬರೆಯಲು ಹೇಳಿ. ಮಳೆ ಬಂದಿತ್ತೇ, ಕರೆಂಟ್ ಹೋಗಿತ್ತೇ, ಅಂದು ನೀರಿನ ದಿನವೇ ಎಂಬುದೂ ಅದರಲ್ಲಿರಲಿ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು. ಬರೆಯಲು ಕುಳಿತವರ ಹೆದರಿಕೆ ಅಲ್ಲೇ ಅರ್ಧ ಇಳಿಯುತ್ತದೆ, ಸದ್ದಿಗೆ ಕಾಯತೊಡಗುತ್ತಾರೆ.

ನಮ್ಮ ಹುಡುಗಿಯ ಪುಸ್ತಕದಲ್ಲಿ ಎಂಟು ದಿನಕ್ಕೆ ನಾಲ್ಕು ದಾಖಲೆಗಳಿದ್ದವು. ಎಲ್ಲವೂ ರಾತ್ರಿ ಎರಡು, ಎರಡೂವರೆಯವು. ದಿನ ಬಿಟ್ಟು ದಿನ! ನಮ್ಮ ಬೀದಿಗೆ ನೀರು ಬರುವುದೂ ದಿನ ಬಿಟ್ಟು ದಿನವೇ.

ಗಂಟೆಯೇ ಗುಟ್ಟು ಹೇಳುತ್ತದೆ

ಸಂಜೆ ಏಳರಿಂದ ಹನ್ನೊಂದರ ನಡುವಿನ ಸದ್ದಾದರೆ ಬಹುಪಾಲು ಮನೆ ತಣ್ಣಗಾಗುತ್ತಿರುವ ಸದ್ದು. ಆರು ಮೀಟರ್ ಉದ್ದದ ಕಬ್ಬಿಣದ ಶೀಟು ಮಧ್ಯಾಹ್ನದ ಕಾವಿನಿಂದ 30 ಡಿಗ್ರಿ ಇಳಿದರೆ ಸುಮಾರು 2 ಮಿಲಿಮೀಟರ್ ಕುಗ್ಗುತ್ತದೆ. ಬೋಲ್ಟುಗಳು ಅದನ್ನು ಹಿಡಿದಿಟ್ಟಿರುವುದರಿಂದ ನಿಧಾನವಾಗಿ ಸರಿಯಲಾರದೆ ಒಮ್ಮೆಲೇ ಜಿಗಿಯುತ್ತದೆ; ಅದೇ ‘ಢಣ್’. ಪಿವಿಸಿ ಪೈಪು ಕಬ್ಬಿಣಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಹಿಗ್ಗಿ ಕುಗ್ಗುತ್ತದೆ. ಸೋಲಾರ್ ವಾಟರ್ ಹೀಟರಿನ ಸ್ಟ್ಯಾಂಡು, ಅಲ್ಯೂಮಿನಿಯಂ ಕಿಟಕಿಗಳ ಕತೆಯೂ ಇದೇ.

ನಡುರಾತ್ರಿಯ ನಂತರ ಕೇಳುವುದರಲ್ಲಿ ಎಷ್ಟೋ ಸದ್ದುಗಳು ಹಗಲಲ್ಲೂ ಇರುತ್ತವೆ, ಬೀದಿಯ ಗದ್ದಲದಲ್ಲಿ ಮುಚ್ಚಿಹೋಗಿರುತ್ತವೆ. ಆಕಾಶ ತಿಳಿಯಾಗಿದ್ದ ರಾತ್ರಿ ನೆಲದ ಬಳಿಯ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿದ್ದರೆ, ಮೇಲೇರುವ ಶಬ್ದ ಬಾಗಿ ಮತ್ತೆ ಕೆಳಗಿಳಿಯುತ್ತದೆ. ದೂರದ ರೈಲಿನ ಕೂಗು ಹಿತ್ತಿಲಿನಿಂದ ಬಂದಂತೆ ಕೇಳುವುದು ಹೀಗೆ. ಇನ್ನು ಫ್ಯಾನಿನ ವಿಷಯ: ಊರೆಲ್ಲ ದೀಪ ಆರಿಸಿದ ಮೇಲೆ ಲೋಡ್ ಕಡಿಮೆಯಾಗಿ ವೋಲ್ಟೇಜ್ ಏರುತ್ತದೆ, ಫ್ಯಾನ್ ಬಿರುಸಾಗಿ ತಿರುಗುತ್ತದೆ, ಹಗಲಲ್ಲಿ ಸುಮ್ಮನಿದ್ದ ಸಡಿಲ ಸ್ಕ್ರೂ ಟಿಕ್ ಟಿಕ್ ಎನ್ನುತ್ತದೆ. ಇನ್ವರ್ಟರ್, ಸ್ಟೆಬಿಲೈಸರ್‌ಗಳ ‘ಟಕ್’ ಎಲ್ಲರಿಗೂ ಗೊತ್ತಿರುವುದೇ.

ಓಡಾಟದ ಸದ್ದಿಗೆ ಗಂಟೆಯ ನಿಯಮವಿಲ್ಲ. ಫಾಲ್ಸ್ ಸೀಲಿಂಗ್ ಮೇಲೆ ಬಿರಬಿರನೆ ಸಾಗಿದರೆ ಇಲಿ. ಧಪ್ ಎಂದು ಹಾರಿ, ನಿಂತು, ಮತ್ತೆ ನಡೆದರೆ ಬೆಕ್ಕು ಅಥವಾ ಪುನುಗು ಬೆಕ್ಕು. ಎರಡರಿಂದ ಐದು ಕಿಲೋ ತೂಗುವ ಪುನುಗು ಬೆಕ್ಕು ಹೆಂಚಿನ ಮೇಲೆ ನಡೆದರೆ ಮನುಷ್ಯರೇ ನಡೆದಂತಿರುತ್ತದೆ. ಅವು ಓಡಾಡುವ ಕಡೆ ಸಂಜೆ ತೆಳುವಾಗಿ ರಂಗೋಲಿ ಪುಡಿ ಉದುರಿಸಿಡಿ. ಬೆಳಿಗ್ಗೆ ಹೆಜ್ಜೆ ಗುರುತು ನೋಡಿ ತೀರ್ಮಾನಿಸಬಹುದು. ವಿಷ ಮಾತ್ರ ಇಡಬೇಡಿ. ಇಲಿ ಸೀಲಿಂಗಿನೊಳಗೇ ಸತ್ತರೆ ವಾಸನೆಗೆ ಬಾಡಿಗೆದಾರರು ಖಂಡಿತ ಮನೆ ಬಿಡುತ್ತಾರೆ. ಪುನುಗು ಬೆಕ್ಕಿಗಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅರಣ್ಯ ಇಲಾಖೆಗೆ ತಿಳಿಸಿ. ಗೊರಕೆ ಹೊಡೆದಂತೆ, ಬುಸುಗುಟ್ಟಿದಂತೆ ಕೇಳಿದರೆ ಹತ್ತಿರದಲ್ಲೆಲ್ಲೋ ಕಣಜ ಗೂಬೆ ಮರಿ ಮಾಡಿರಬಹುದು. ಬಾಗಿಲ ಚೌಕಟ್ಟಿನೊಳಗೆ ಸಣ್ಣಗೆ ಕಟಕಟ ಎಂದರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಗೆದ್ದಲು. ಅಪಾಯ ಕಂಡಾಗ ಸೈನಿಕ ಗೆದ್ದಲುಗಳು ಮರಕ್ಕೆ ತಲೆ ಬಡಿದು ಸದ್ದು ಮಾಡುತ್ತವೆ. ಹಲ್ಲಿ ಲೊಚಗುಟ್ಟಿದ್ದಕ್ಕೆ ಶಕುನ ನೋಡುವುದು ಬಿಡುವುದು ನಿಮಗೆ ಬಿಟ್ಟಿದ್ದು.

ಒಂದು ರಾತ್ರಿ ಅಲ್ಲೇ ಕೂರಿ

ಈ ಹಂತವನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ನೀರಿನ ದಿನ ನಾನು ರಾತ್ರಿ ಒಂದೂವರೆಗೆ ಅಲಾರಾಂ ಇಟ್ಟುಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಸಿಕೊಂಡು ಮೇಲೆ ಹೋದೆ. ಫ್ರಿಜ್, ಫ್ಯಾನ್ ಎರಡನ್ನೂ ಆರಿಸಿ ಕತ್ತಲಲ್ಲಿ ಕುಳಿತೆವು. ಎರಡು ಗಂಟೆ ಹೊಡೆದಾಗ ಪೈಪಿನಲ್ಲಿ ಮೊದಲಿಗೆ ಗಾಳಿ ಊದಿದಂತೆ ಸುಯ್ ಎಂದಿತು, ನೀರಿನ ಮುಂದೆ ಬರುವ ಗಾಳಿ. ಇಪ್ಪತ್ತು ನಿಮಿಷದ ನಂತರ ಗೋಲಿ ಬಿತ್ತು. ನಿಜ ಹೇಳುತ್ತೇನೆ, ನನ್ನ ಮೈಯೂ ಜುಮ್ಮೆಂದಿತು.

ಸದ್ದಿನ ಜಾಡು ಹಿಡಿಯಲು ಉದ್ದನೆಯ ಸ್ಕ್ರೂ ಡ್ರೈವರ್ ಸಾಕು. ಅದರ ತುದಿಯನ್ನು ಪೈಪಿಗೋ ಗೋಡೆಗೋ ಒತ್ತಿ, ಹಿಡಿಯನ್ನು ಕಿವಿಯ ಹತ್ತಿರ ಇಟ್ಟುಕೊಂಡರೆ ಒಳಗಿನ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಕರೆಂಟಿನ ತಂತಿಯ ಹತ್ತಿರ ಮಾತ್ರ ಇದನ್ನು ಮಾಡಬೇಡಿ. ಸ್ನಾನದ ಕೋಣೆಯ ಗೋಡೆಯಲ್ಲಿ ಸದ್ದು ಜೋರಾಗಿತ್ತು, ಮಲಗುವ ಕೋಣೆಯಲ್ಲಿ ಕಡಿಮೆ. ಅಲ್ಲಿಂದ ಪೈಪನ್ನು ಹಿಂಬಾಲಿಸಿ ತಾರಸಿಗೆ ಹೋದೆವು.

ರಾತ್ರಿ ಬೇರೆಯವರು ನೀರು ಬಳಸದಿರುವುದರಿಂದ ಒತ್ತಡ ಹೆಚ್ಚಿ, ನೀರು ನೇರವಾಗಿ ಮೇಲಿನ ಟ್ಯಾಂಕಿಗೇ ಏರುತ್ತಿತ್ತು. ಟ್ಯಾಂಕು ತುಂಬುತ್ತ ಬಂದಂತೆ ಬಾಲ್‌ಕಾಕ್‌ನ (ಟ್ಯಾಂಕು ತುಂಬಿದೊಡನೆ ತಾನೇ ಮುಚ್ಚಿಕೊಳ್ಳುವ ನಲ್ಲಿಯ) ತೇಲುವ ಚೆಂಡು ಅಲೆಯ ಮೇಲೆ ಕುಣಿಯುತ್ತಿತ್ತು. ಒಂದೊಂದು ಕುಣಿತಕ್ಕೂ ನಲ್ಲಿ ಮುಚ್ಚಿ ತೆರೆದು, ಓಡುವ ನೀರು ಥಟ್ಟನೆ ನಿಂತು ಪೈಪನ್ನು ಒದೆಯುತ್ತಿತ್ತು. ಇದನ್ನೇ ಎಂಜಿನಿಯರುಗಳು ವಾಟರ್ ಹ್ಯಾಮರ್ ಎನ್ನುತ್ತಾರೆ. ಪೈಪಿನ ಎರಡು ಕ್ಲ್ಯಾಂಪ್ ಯಾವಾಗಲೋ ಕಳಚಿಬಿದ್ದಿದ್ದರಿಂದ ಅದು ಗೋಡೆಗೆ ಬಡಿಯುತ್ತಿತ್ತು. ಬಡಿತವನ್ನು ಕಾಂಕ್ರೀಟು ತಾರಸಿಯಿಡೀ ಹರಡುತ್ತಿತ್ತು.

ಇನ್ನೊಮ್ಮೆ ಬರಿಸಿ

ಹುಡುಗಿಯನ್ನು ಅವಳ ಮಂಚದ ಮೇಲೆ ಕೂರಿಸಿ, ಮೊಬೈಲಿನಲ್ಲಿ ಮಾತಾಡುತ್ತಲೇ ನಾನು ಚೆಂಡನ್ನು ಒತ್ತಿ ಬಿಟ್ಟೆ. ‘ಬಂತು ಆಂಟಿ!’ ಮತ್ತೆ ಬಿಟ್ಟೆ. ‘ಮತ್ತೆ ಬಂತು!’ ಆಮೇಲೆ ಅವಳೇ ಮೇಲೆ ಬಂದು ಚೆಂಡು ಹಿಡಿದಳು, ನಾನು ಕೆಳಗೆ ಹೋಗಿ ಕೇಳಿಸಿಕೊಂಡೆ. ಅಪರಾತ್ರಿ ಮೂರು ಗಂಟೆಗೆ ಇಬ್ಬರೂ ಮಕ್ಕಳಂತೆ ನಕ್ಕಿದ್ದೇ ನಕ್ಕಿದ್ದು.

ರಿಪೇರಿ ದೊಡ್ಡದಲ್ಲ. ಪೈಪಿಗೆ ರಬ್ಬರ್ ಪಟ್ಟಿ ಸುತ್ತಿ ಹೊಸ ಕ್ಲ್ಯಾಂಪ್, ಹೊಸ ಬಾಲ್‌ಕಾಕ್, ಗೇಟ್ ವಾಲ್ವ್ ಅರ್ಧ ಮುಚ್ಚಿ ನೀರಿನ ರಭಸ ಕಡಿಮೆ ಮಾಡಿದ್ದು. ಪ್ಲಂಬರ್‌ಗೆ ಒಂದು ಗಂಟೆಯೂ ಹಿಡಿಯಲಿಲ್ಲ.

ಹುಡುಕಿದರೂ ಸಿಗದೆ, ಅಕ್ಕಪಕ್ಕದ ಮನೆಗಳಲ್ಲೂ ಅದೇ ಕ್ಷಣ ಕೇಳಿದ ಸದ್ದಾದರೆ ಕಾರಣ ನಿಮ್ಮ ಮನೆಯದಲ್ಲ. 2021ರಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ಭೂಮಿಯೊಳಗಿನ ಸದ್ದಿಗೆ ಹೆದರಿ ಹೊರಗೆ ಮಲಗುತ್ತಿದ್ದರು. ಅದು ಭ್ರಮೆಯಾಗಿರಲಿಲ್ಲ, ಸಣ್ಣ ಭೂಕಂಪಗಳ ಸದ್ದಾಗಿತ್ತು. ಗೋಡೆಯ ಬಿರುಕು ಬೆಳೆಯುತ್ತಿದೆಯೇ ಎಂಬ ಅನುಮಾನವಿದ್ದರೆ ಬಿರುಕಿನ ಕೊನೆಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಬರೆಯಿರಿ. ಗೆರೆ ದಾಟಿದರೆ ಎಂಜಿನಿಯರನ್ನು ಕರೆಸಿ.

ಕಡೆಯದಾಗಿ ಬೀಗದ ಕೈ. ತಾರಸಿಯದ್ದಕ್ಕೆ ಇನ್ನೊಂದು ಮಾಡಿಸಿ ಅವಳಿಗೆ ಕೊಟ್ಟಿದ್ದೇನೆ. ಈಗ ಏನಾದರೂ ಸದ್ದಾದರೆ ಟಾರ್ಚ್ ಹಿಡಿದು ಅವಳೇ ಮೇಲೆ ಹೋಗಿ ನೋಡಿ ಬರುತ್ತಾಳೆ. ಕಳೆದ ವಾರ ಇಳಿದು ಬಂದವಳ ಕೈಯಲ್ಲಿ ನನ್ನದೇ ಒಂದು ಟವೆಲ್ ಇತ್ತು, ಗಾಳಿಗೆ ಟ್ಯಾಂಕಿಗೆ ಬಡಿಯುತ್ತಿತ್ತಂತೆ.