ಕಾರಿನ ಅಡಿಗೆ ಇಳಿಯುವ ಮುನ್ನ

ಜಾಕ್ ಇರುವುದು ಕಾರನ್ನು ಎತ್ತುವುದಕ್ಕೇ ಹೊರತು, ಅದರಡಿ ಮಲಗಿ ಕೆಲಸ ಮಾಡುವವರ ಮೇಲೆ ಎತ್ತಿ ಹಿಡಿದಿಡುವುದಕ್ಕಲ್ಲ. ಸಮತಟ್ಟಾದ ಗಟ್ಟಿ ನೆಲದ ಮೇಲೆ ಕಾರನ್ನು ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ನೆಲದಲ್ಲೇ ಉಳಿಯುವ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಟ್ಟ ಮೇಲೆಯೇ ಜಾಕ್ ಹಾಕಬೇಕು. ಎತ್ತಿದ ಕೂಡಲೇ ಕೈಪಿಡಿಯಲ್ಲಿ ತೋರಿಸಿರುವ ಜಾಗಕ್ಕೆ ಜಾಕ್ ಸ್ಟ್ಯಾಂಡ್ (ಕಾರಿನ ಭಾರ ಹೊರುವ ಲೋಹದ ಆಧಾರ) ಕೊಟ್ಟು, ಭಾರವನ್ನು ಅದರ ಮೇಲೆ ಇಳಿಸಿ, ಕಾರನ್ನು ಕೈಯಿಂದ ತಳ್ಳಿ ಅದು ಅಲುಗಾಡುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಇಟ್ಟಿಗೆ, ಕಾಂಕ್ರೀಟ್ ಬ್ಲಾಕ್‌ಗಳನ್ನು ಪೇರಿಸಿ ಸುಧಾರಿಸಿಕೊಳ್ಳಬಹುದೆಂಬುದು ಅಪಾಯಕಾರಿ ಉಳಿತಾಯ. ಅವು ಸೂಚನೆಯನ್ನೇ ಕೊಡದೆ ಒಡೆಯಬಲ್ಲವು.

ಬ್ಯಾಟರಿ ಬಿಚ್ಚುವಾಗ ನೆಗೆಟಿವ್ ತಂತಿಯನ್ನು ಮೊದಲು ತೆಗೆದು, ಜೋಡಿಸುವಾಗ ಕೊನೆಗೆ ಹಾಕಬೇಕು. ಇಲ್ಲವಾದರೆ ಪಾಸಿಟಿವ್ ತುದಿಯಲ್ಲಿರುವ ಸ್ಪ್ಯಾನರ್ ಕಾರಿನ ಲೋಹಕ್ಕೆ ತಗುಲಿದೊಡನೆ ಕಿಡಿ ಹಾರುತ್ತದೆ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಮಾಡಲೇಬಾರದು, ಏಕೆಂದರೆ ಹೊಗೆಯಲ್ಲಿರುವ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.