ಗೂಡಿನಲ್ಲಿ ಮರಿ ಇರುವಾಗ ನಾನು ಹಕ್ಕಿಗಳಿಗೆ ಏನು ಇಡುತ್ತೇನೆ

ಮೊದಲ ಎರಡು ವರ್ಷ ನಾನು ವಸಂತದಲ್ಲೂ ಚಳಿಗಾಲದ ಹಾಗೇ ಹಕ್ಕಿಗಳಿಗೆ ಮೇವು ಇಡುತ್ತಿದ್ದೆ. ತಟ್ಟೆ ತುಂಬ ಕಾಳು, ಜೊತೆಗೆ ಒಂದಿಷ್ಟು ಬ್ರೆಡ್ ಚೂರು. ಮೂರನೇ ವರ್ಷ ಕಿಟಕಿ ಮೇಲಿನ ಸಂದಿಯಲ್ಲಿ ಒಂದು ಜೋಡಿ ಗುಬ್ಬಚ್ಚಿ ಗೂಡು ಕಟ್ಟಿತು. ಒಳಗೆ ಮರಿಗಳ ಚಿಂವ್ ಚಿಂವ್ ಶುರುವಾದ ಮೇಲೆ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಗಂಡು ಹೆಣ್ಣು ಎರಡೂ ತಟ್ಟೆಗೆ ಬರುತ್ತಿದ್ದವು, ಗಡಿಬಿಡಿಯಲ್ಲಿ ನಾಲ್ಕು ಕಾಳು ತಿನ್ನುತ್ತಿದ್ದವು. ಆದರೆ ಒಂದು ಕಾಳನ್ನೂ ಗೂಡಿಗೆ ಒಯ್ಯುತ್ತಿರಲಿಲ್ಲ. ಅಲ್ಲಿಂದ ನೇರ ಗುಲಾಬಿ ಗಿಡಕ್ಕೆ ಹಾರುತ್ತಿದ್ದವು.

ಒಂದು ಬೆಳಿಗ್ಗೆ ಸುಮ್ನೆ ಕೂತು ನೋಡಿದೆ. ಹೆಣ್ಣು ಗುಬ್ಬಿ ಎಲೆಯ ಅಡಿಯಿಂದ ಒಂದು ಹಸಿರು ಹುಳು ಎಳೆಯಿತು. ಅದನ್ನು ಕೊಂಬೆಗೆ ಎರಡು ಸಲ ಬಡಿಯಿತು, ಕೊಕ್ಕಿನಲ್ಲಿ ಆ ತುದಿಯಿಂದ ಈ ತುದಿವರೆಗೆ ಹಿಸುಕಿ ಮೆತ್ತಗೆ ಮಾಡಿತು, ಆಮೇಲೆ ಗೂಡಿಗೆ ಹೋಯಿತು. ವಾಪಸ್ ಬರುವಾಗ ಕೊಕ್ಕಿನಲ್ಲಿ ಬಿಳಿ ಗುಳಿಗೆಯ ಹಾಗೆ ಏನೋ ಇತ್ತು. ಅದು ಮರಿಯ ಹಿಕ್ಕೆ. ಅದನ್ನು ದೂರ ಒಯ್ದು ಬಿಸಾಡಿ ಮತ್ತೆ ಹುಳು ಹುಡುಕಲು ಹೊರಟಿತು. ಗಡಿಯಾರ ಇಟ್ಟುಕೊಂಡು ಎಣಿಸಿದೆ. ಒಂದು ಗಂಟೆಯಲ್ಲಿ ಎರಡೂ ಸೇರಿ 18 ಸಲ ಗುಟುಕು ಕೊಟ್ಟವು.

ಕಾಳು ತಿನ್ನುವ ಹಕ್ಕಿಗಳಲ್ಲೂ ಹೆಚ್ಚಿನವು ಮರಿಗೆ ಹುಳುವನ್ನೇ ಉಣಿಸುತ್ತವೆ. ಗುಬ್ಬಿ ಮರಿ ಸುಮಾರು ಎರಡೇ ವಾರದಲ್ಲಿ ಪುಕ್ಕ ಬಲಿತು ಗೂಡು ಬಿಡಬೇಕು. ಅಷ್ಟು ಬೇಗ ಬೆಳೆಯಲು ಬೇಕಾದ ಪ್ರೋಟೀನು ಹುಳುವಿನಲ್ಲಿದೆ, ನೀರಿನ ಅಂಶವೂ ಅದರಿಂದಲೇ ಸಿಗುತ್ತದೆ. ಉತ್ತರ ಅಮೆರಿಕದ ಚಿಕಡೀ ಎನ್ನುವ ಪುಟ್ಟ ಹಕ್ಕಿ ಒಂದು ಗೂಡಿನ ಮರಿಗಳನ್ನು ಸಾಕಲು 6,000ದಿಂದ 9,000 ಹುಳು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಅಷ್ಟನ್ನು ನಾವ್ಯಾರೂ ತಟ್ಟೆಯಲ್ಲಿ ಇಡಲು ಆಗಲ್ಲ ಅಲ್ವಾ? ಅದು ಗಿಡದ ಮೇಲೇ ಇರಬೇಕು.

ಹಾಗಾಗಿ ನಾನು ಮೊದಲು ಮಾಡಿದ ಕೆಲಸ ಕೀಟನಾಶಕ ಹೊಡೆಯುವುದನ್ನು ನಿಲ್ಲಿಸಿದ್ದು. ಎಲೆಗಳಲ್ಲಿ ತೂತು ಬೀಳುತ್ತವೆ, ಬೀಳಲಿ. ಬಿದ್ದ ತರಗೆಲೆಯನ್ನೂ ಒಂದು ಮೂಲೆಯಲ್ಲಿ ಹಾಗೇ ಬಿಟ್ಟಿದ್ದೇನೆ. ಅದನ್ನು ಕೆದಕಲು ಹಕ್ಕಿಗಳು ದಿನಾ ಬರುತ್ತವೆ.

ಕಾಳು ಇಡುವುದನ್ನು ಬಿಟ್ಟಿಲ್ಲ. ಅದು ಮರಿಗಳಿಗಲ್ಲ, ಅಪ್ಪ ಅಮ್ಮ ಹಕ್ಕಿಗಳಿಗೆ. ತಮ್ಮ ಹೊಟ್ಟೆ ಬೇಗ ತುಂಬಿದರೆ ಅವಕ್ಕೆ ಮರಿಗಾಗಿ ಹುಳು ಹುಡುಕಲು ಜಾಸ್ತಿ ಹೊತ್ತು ಸಿಗುತ್ತದೆ. ನವಣೆ, ಸೂರ್ಯಕಾಂತಿ ಬೀಜದ ತಿರುಳು ಇಡುತ್ತೇನೆ, ಅದೂ ಸಂಜೆಯೊಳಗೆ ಖಾಲಿಯಾಗುವಷ್ಟೇ. ಬ್ರೆಡ್ ಪೂರ್ತಿ ನಿಲ್ಲಿಸಿದೆ. ಹೊಟ್ಟೆ ತುಂಬಿಸುತ್ತದೆ ಬಿಟ್ಟರೆ ಅದರಲ್ಲಿ ಸತ್ವ ಇಲ್ಲ. ಇಡೀ ಕಡಲೆಕಾಯಿ ಬೀಜವನ್ನಂತೂ ಈ ಕಾಲದಲ್ಲಿ ಇಡಲೇಬಾರದು. ಹಕ್ಕಿ ಅದನ್ನು ಮರಿಯ ಬಾಯಿಗೆ ಹಾಕಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆ ಹಿಡಿದು ಹುಳು ಸಿಗದ ದಿನ ಒಣ ಮೀಲ್‌ವರ್ಮ್ ಹುಳುಗಳನ್ನು ನೀರಲ್ಲಿ ನೆನೆಸಿ ಒಂದು ಹಿಡಿ ಇಡುತ್ತೇನೆ. ಅದರಲ್ಲಿ ಕ್ಯಾಲ್ಸಿಯಂ ಕಡಿಮೆ, ಹಾಗಾಗಿ ದಿನಾ ಇಡುವುದಿಲ್ಲ.

ಕ್ಯಾಲ್ಸಿಯಂಗಾಗಿ ನಾನು ಇಡುವುದು ಮೊಟ್ಟೆ ಚಿಪ್ಪು. ಇದನ್ನು ಮಾತ್ರ ಎಲ್ಲರೂ ಇಡಬೇಕು ಅಂತ ನನ್ನ ಆಸೆ. ಸಣ್ಣ ಹಕ್ಕಿಗಳ ಮೈಯಲ್ಲಿ ಕ್ಯಾಲ್ಸಿಯಂ ಹೆಚ್ಚು ಕೂಡಿಡಲು ಜಾಗ ಇಲ್ಲ. ಮೊಟ್ಟೆ ಇಡುವ ದಿನಗಳಲ್ಲೇ ತಿಂದು ಗಳಿಸಬೇಕು. ಕೋಳಿ ಮೊಟ್ಟೆಯ ಚಿಪ್ಪನ್ನು ತೊಳೆದು ಹತ್ತು ನಿಮಿಷ ಕುದಿಸುತ್ತೇನೆ, ಸಾಲ್ಮೊನೆಲ್ಲಾ ರೋಗಾಣು ಉಳಿಯಬಾರದು. ಚೆನ್ನಾಗಿ ಒಣಗಿಸಿ ಕಾಳಿಗಿಂತ ಸಣ್ಣಗೆ ಪುಡಿ ಮಾಡಿ ಬೇರೆ ತಟ್ಟೆಯಲ್ಲಿ ಇಡುತ್ತೇನೆ. ಮೊದಲ ವಾರ ಯಾರೂ ಮುಟ್ಟಲಿಲ್ಲ. ಆಮೇಲೆ ಒಂದು ಸಂಜೆ ಹೆಣ್ಣು ಗುಬ್ಬಿ ಬಂದು, ಕಾಳಿನ ತಟ್ಟೆ ಬಿಟ್ಟು, ಒಂದೊಂದೇ ಚೂರು ಆರಿಸಿ ನುಂಗಿತು. ಆವತ್ತು ನನಗೆ ಆದ ಸಂತೋಷ ಹೇಳಲಾರೆ.

ಎರಡು ತಪ್ಪುಗಳನ್ನು ಹೇಳಲೇಬೇಕು. ಗೂಡು ಕಟ್ಟಲು ಅನುಕೂಲ ಆಗಲಿ ಅಂತ ಉಣ್ಣೆ ದಾರ ತೂಗುಹಾಕಿದ್ದೆ. ಒಂದು ಮರಿಯ ಕಾಲಿಗೆ ಅದೇ ದಾರ ಸುತ್ತಿಕೊಂಡು ಗೂಡಿನ ಬಾಯಲ್ಲಿ ನೇತಾಡುತ್ತಿತ್ತು. ಏಣಿ ಹತ್ತಿ ಕತ್ತರಿಯಿಂದ ಬಿಡಿಸುವಾಗ ಕೈ ನಡುಗಿತು. ಮರಿ ಬದುಕಿತು. ಈಗ ಒಣಹುಲ್ಲು, ಉದುರಿದ ಪುಕ್ಕ ಇಷ್ಟೇ.

ಇನ್ನೊಂದು, ತಟ್ಟೆ ತೊಳೆಯದೆ ಬಿಟ್ಟಿದ್ದು. ಒಂದು ದಿನ ಒಂದು ಗುಬ್ಬಿ ಮೈಯೆಲ್ಲ ಪುಕ್ಕ ಉಬ್ಬಿಸಿಕೊಂಡು ತಟ್ಟೆಯ ಪಕ್ಕ ಕೂತೇ ಇತ್ತು, ನಾನು ಹತ್ತಿರ ಹೋದರೂ ಹಾರಲಿಲ್ಲ. ಮರುದಿನ ಸತ್ತಿತ್ತು. ಹಕ್ಕಿಗಳು ಒಂದೇ ಕಡೆ ಸೇರಿದರೆ ರೋಗ ಬೇಗ ಹರಡುತ್ತದೆ. ಎರಡು ವಾರ ಕಾಳು, ನೀರು ಎರಡನ್ನೂ ನಿಲ್ಲಿಸಿದೆ. ಈಗ ವಾರಕ್ಕೊಮ್ಮೆ ಒಂದು ಪಾಲು ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ತಟ್ಟೆ ತೊಳೆದು, ಬಿಸಿಲಿಗೆ ಪೂರ್ತಿ ಒಣಗಿಸುತ್ತೇನೆ. ನೀರು ದಿನಾ ಬದಲಾಯಿಸುತ್ತೇನೆ. ಬೋಗುಣಿಯ ಆಳ ಎರಡು ಮೂರು ಸೆಂಟಿಮೀಟರ್ ಸಾಕು, ನಡುವೆ ಒಂದು ಕಲ್ಲು. ತಟ್ಟೆಯನ್ನು ಗೂಡಿನಿಂದ ದೂರ ಇಡಿ. ಕಾಳಿಗೆ ಬರುವ ಕಾಗೆ, ಅಳಿಲುಗಳ ಕಣ್ಣು ಗೂಡಿನ ಮೇಲೆ ಬೀಳಬಾರದು.

ಹೋದ ವರ್ಷ ಮೋಟು ಬಾಲದ ಒಂದು ಮರಿ ನೆಲದ ಮೇಲೆ ಕುಪ್ಪಳಿಸುತ್ತಿತ್ತು. ಎತ್ತಿ ಒಳಗೆ ತರಬೇಕು ಅನ್ನಿಸಿತು, ತರಲಿಲ್ಲ. ಗೂಡು ಬಿಟ್ಟ ಹೊಸದರಲ್ಲಿ ಹಾಗೇ, ದೊಡ್ಡವು ಹತ್ತಿರದಲ್ಲೇ ಇರುತ್ತವೆ. ಬೆಕ್ಕು ಬರದ ಹಾಗೆ ದೂರದಿಂದ ಕಾದೆ. ಗಂಡು ಗುಬ್ಬಿ ಬಂದು ಗುಟುಕು ಕೊಟ್ಟಿತು. ನಾಲ್ಕು ದಿನದ ಮೇಲೆ ಅದೇ ಮರಿ ಅಪ್ಪನ ಹಿಂದೆ ಹಾರಿ ತಟ್ಟೆಗೆ ಬಂತು. ಕಾಳಿನ ರಾಶಿಯ ಮೇಲೇ ನಿಂತು, ರೆಕ್ಕೆ ನಡುಗಿಸುತ್ತಾ, ಹಳದಿ ಅಂಚಿನ ಬಾಯಿ ಅಗಲಿಸಿ ಅಪ್ಪನ ಹತ್ತಿರ ಬೇಡುತ್ತಿತ್ತು. ಆಚೆ ತಟ್ಟೆಯಲ್ಲಿ ತಾಯಿ ಮತ್ತೆ ಚಿಪ್ಪಿನ ಚೂರು ಆರಿಸುತ್ತಿತ್ತು.